ಅಪ್ಪ ಮಾಡಿದ ಹಲ್ಲು, ನಾ ಅಂಟಿಸಿದ ಬ್ರಾಕೆಟ್ಟು

ಮೂರನೇ ಸಲಾನೂ ಅದ ಹಲ್ಲಿಂದ ಬಿತ್ತು. ಮ್ಯಾಲಿನ ಸಾಲಿನ್ಯಾಗ ತಂತಿ ಹಿಡಿಯೂ ಹತ್ತು ಬ್ರಾಕೆಟ್ ಅಂಟಿಸಿದ್ದೆ. ಒಂಬತ್ತು ಜಪ್ಪಯ್ಯ ಅಂದ್ರೂ ಜಗ್ಗಂಗಿಲ್ಲ. ಈ ಒಂದು ಮಾತ್ರ ಹತ್ತು ಹನ್ನೆರಡು ದಿನಕ್ಕೊಮ್ಮೆ ಉದುರತೈತಿ. ಆ ಹಲ್ಲಿನ ಹೆಣಮಗಳು ಬಂದು ಖುರ್ಚಿ ಮ್ಯಾಲೆ ಕುಂತು, ಹೆಗಲಿನ ಚೀಲದಾಗಿಂದ ಟಿಕೆಟ್ ಕಾಗದದಾಗ ಸುತ್ತಿಟ್ಟ ಬ್ರಾಕೆಟ್ ತಗದು ನನ್ನ ಟ್ರೇದಾಗ ಇಟ್ಟಳು. "ಅಕ್ಕಾರ, ಮತ್ತ ಉದುರೇತ್ರಿ," ಅಂದು ಮಾರಿ ಸಣ್ಣದು ಮಾಡಿದ್ಳು. ತಪ್ಪು ಅಕಿದಲ್ಲ, ನಂದು. ಖರೇ ಹೇಳಬೇಕಂದ್ರ ನಂದೂ ಅಲ್ಲ, ಗ್ವಾಡಿ ಬಾಜು ಸ್ಟೂಲ್ ಹಾಕ್ಕೊಂಡು ಕುಂತಿದ್ದ ನಮ್ಮಪ್ಪಂದು.

ನಾ ವಕ್ರ ಹಲ್ಲಿಗೆ ತಂತಿ ಹಾಕಿ ನೆಟ್ಟಗ ಮಾಡೂ ಡಾಕ್ಟರ್. ಐದು ದಿನ ಬೆಳಗಾವ್ಯಾಗ ನನ್ನ ಸ್ವಂತ ದವಾಖಾನಿ, ಬುಧವಾರ ಒಂದಿನ ಖಾನಾಪುರದಾಗ ಬಾಡಗಿ ಖೋಲಿ. ಬುಧವಾರ ಬಂತಂದ್ರ ಅಪ್ಪ ನನಗಿಂತ ಮೊದಲ ಜಳಕ ಮಾಡಿ, ಲಿಂಗಪೂಜಿ ಮುಗಿಸಿ, ಹಣಿ ತುಂಬ ಇಬತ್ತಿ ಹಚಗೊಂಡು ಕಾರಿನ ಬಾಗಲಾ ಹಿಡಕೊಂಡು ನಿಂತಿರತಾನ. "ನೀ ಯಾಕ ಬರ್ತೀಪಾ, ಬಿಸಲಾಗ?" ಅಂದ್ರ, "ನನ್ನ ಹಲ್ಲು ನೋಡಾಕ," ಅಂತಾನ. ಅವನ ಬಾಯಾಗಿನ ಹಲ್ಲಲ್ಲ. ಅಕಿ ಬಾಯಾಗಿಂದು.

ಅಪ್ಪ ಮೂವತ್ತು ವರ್ಷ ಪಿಂಗಾಣಿ ಹಲ್ಲು ಮಾಡಿದಾಂವ. ಕೋಟೆ ಬಾಜು ಒಂದು ಸಣ್ಣ ಖೋಲಿ ಇತ್ತು. ಡಾಕ್ಟರ್ ಮಂದಿ ಬಾಯಿ ಅಳತಿ ತಗದು ಕಳಸ್ತಿದ್ರು, ಅಪ್ಪ ಪಿಂಗಾಣಿ ಪುಡಿ ನೀರಾಗ ಕಲಸಿ, ಸಣ್ಣ ಬ್ರಶ್‌ಲೆ ಒಂದೊಂದ ಪದರ ಏರಿಸಿ, ಭಟ್ಟ್ಯಾಗ ಸುಟ್ಟು ಹಲ್ಲು ಮಾಡಿ ಕೊಡ್ತಿದ್ದ. ಬೆಳಗಾವಿ ಮಂದಿ ಅದಕ್ಕ ಕ್ಯಾಪ್ ಅಂತಾರ. ಅಪ್ಪ ಸತ್ತರೂ ಕ್ಯಾಪ್ ಅನ್ನಂಗಿಲ್ಲ, "ಟೊಪ್ಪಿಗಿ ಏನದು? ಹಲ್ಲು ಅನ್ನು," ಅಂತಾನ. ಆಮ್ಯಾಲ ಕಣ್ಣಾಗಿನ ಒತ್ತಡ ಏರಿ ಎರಡೂ ಕಣ್ಣು ಮಂದ ಆದ್ವು. ಈಗ ಎದುರಿಗೆ ಬಂದವ್ರ ಆಕಾರ ಕಾಣಸ್ತೈತಿ, ಮಾರಿ ಕಾಣಂಗಿಲ್ಲ. ಖೋಲಿ ಮುಚ್ಚಿ ಆರು ವರ್ಷ ಆತು, ಆದ್ರ ಅಪ್ಪನ ಬಾಯಿ ಇನ್ನೂ ಮುಚ್ಚಿಲ್ಲ.

ಅಕಿ ಬಸ್ ಕಂಡಕ್ಟರ್. ಖಾನಾಪುರ–ಬೆಳಗಾವಿ ನಡುವ ದಿನಾ ನಾಕೈದು ಫೇರಿ. ತವರು ಗುಂಜಿ ಕಡೆ, ಕುರಿ ಸಾಕೂ ಮನಿತನ. ಹತ್ತೊಂಬತ್ತು ವರ್ಷದಾಕಿ ಇದ್ದಾಗ ಮನಿ ಟಗರು ಗುದ್ದಿ ಮುಂದಿನ ಹಲ್ಲು ಅರ್ಧಕ್ಕ ಮುರದಿತ್ತಂತ. ಆವಾಗ ಡಾಕ್ಟರ್ ಅಕಿನ್ನ ಬಣ್ಣ ಹೊಂದಸಾಕ ಖುದ್ದ ಅಪ್ಪನ ಖೋಲಿಗೆ ಕಳಿಸಿದ್ರು. ಬಾಜು ಹಲ್ಲಿನ ಮ್ಯಾಲೆ ಕೂದಲೆಳಿಯಷ್ಟ ಒಂದು ಬಿಳಿ ಗೆರಿ ಇತ್ತಂತ. ಅಪ್ಪ ಅಂಥಾದ ಗೆರಿ ಪಿಂಗಾಣ್ಯಾಗ ತರಾಕ ನಾಕು ಸಲ ಸುಟ್ಟು, ನಾಕು ಸಲ ಒಡದು, ಐದನೇದಕ್ಕ ಸೈ ಅಂದಿದ್ದ. ಈ ಕತಿ ನಾ ಸಣ್ಣಾಕಿ ಇದ್ದಾಗಿಂದ ಕೇಳಿ ಕೇಳಿ ಬ್ಯಾಸತ್ತಿದ್ದೆ. ಮನಿಗೆ ಯಾರ ಬರ್ಲಿ, ಊಟಕ್ಕ ಕುಂದರ್ಲಿ, ಟಗರಿನ ಹಲ್ಲಿನ ಕತಿ ಬಡಿಸದ ಅಪ್ಪ ಭಕ್ರಿ ಮುರಿತಿದ್ದಿಲ್ಲ.

ಇಪ್ಪತ್ತು ವರ್ಷದ ಮ್ಯಾಲೆ ಅಕಿ ನನ್ನ ಖಾನಾಪುರದ ಖೋಲಿಗೆ ಬಂದ್ಳು. ಮ್ಯಾಲಿನ ಹಲ್ಲು ಮುಂದ ಬಂದು ನಡುವ ಸಂದಿ ಬಿದ್ದಿದ್ವು. "ಈ ವಯಸ್ಸಿನ್ಯಾಗ ತಂತಿ ಹಾಕ್ಸಿಕೊಂಡ್ರ ಮಂದಿ ನಗತಾರಲ್ರೀ," ಅಂತ ತಾನ ಅಂದ್ಳು. ಮತ್ತ ತಾನ, "ನಗ್ಲಿ ಬಿಡ್ರಿ, ಟಿಕೆಟ್ ತಗೊಂಡ ನಗ್ಲಿ," ಅಂದ್ಳು. ನನಗ ಸೇರಿದ್ಳು ಆ ಹೆಣಮಗಳು. ಊರು ಯಾವುದು ಅಂತ ಕೇಳಿದೆ, ಗುಂಜಿ ಅಂದ್ಳು. ಮುಂದಿನ ಹಲ್ಲಿಗೆ ಏನಾಗಿತ್ತು ಅಂದೆ, ಟಗರು ಗುದ್ದಿತ್ರಿ ಅಂದ್ಳು. ಅಷ್ಟ ಸಾಕಾತು. ಅವತ್ತ ಮನ್ಯಾಗ ಬ್ಯಾಸರ ಅಂತ ನನ್ನ ಜೋಡಿ ಬಂದಿದ್ದ ಅಪ್ಪ ಸ್ಟೂಲ್ ಬಿಟ್ಟು ಎದ್ದ. ಕೈಗವಸಿಲ್ಲ, ಏನಿಲ್ಲ, "ಬಾಯಿ ತಗಿ ತಂಗಿ," ಅಂತ ನನ್ನ ಪೇಶಂಟಿನ ಬಾಯಾಗ ಬೆರಳು ಹಾಕಿ ಹಲ್ಲು ಸವರಿದ.

"ಇದ, ಇದ ನನ್ನ ಹಲ್ಲು. ಹೌದಿಲ್ಲೊ?"

"ಹೂನ್ರಿ ಕಾಕಾ," ಅಂದ್ಳು ಅಕಿ.

ನಾ ಬೈಬೇಕಂತ ಬಾಯಿ ತಗದಾಕಿ ಅಪ್ಪನ ಮಾರಿ ನೋಡಿದೆ. ಖೋಲಿ ಮುಚ್ಚಿದ ಮ್ಯಾಲೆ ಅಷ್ಟು ಖುಷಿಯಾಗಿ ಅವನ್ನ ನಾ ನೋಡಿದ್ದಿಲ್ಲ. ಅವತ್ತ ಮನಿಗೆ ಹೊಂಟಾಗ ಕಾರಿನ್ಯಾಗ ಅಂದ, "ಸಾವಿರಗಟ್ಲೆ ಹಲ್ಲು ಮಾಡೀನಿ ಯವ್ವಾ. ಅರ್ಧ ಮಣ್ಣಾಗ ಹೋಗ್ಯಾವ. ಉಳಿದ ಅರ್ಧ ಯಾರ ಬಾಯಾಗ ಅದಾವೋ ದೇವರಿಗೇ ಗೊತ್ತು. ಎಲ್ಲೈತಿ ಅಂತ ನನಗ ಗೊತ್ತಿರೂದು ಇದೊಂದ. ಇದಕ್ಕ ಏನರ ಆತಂದ್ರ ನಾ ಏನೂ ಮಾಡ್ಲಿಲ್ಲ ಅಂದಂಗ ಆಕ್ಕೈತಿ ನೋಡು." ಜ್ವಾಪಾನ ಮಾಡ್ತೀನಿ ಅಂತ ಮಾತು ಕೊಟ್ಟೆ. ಆ ಒಂದು ಮಾತಿನ ಸಲುವಾಗಿ ಮುಂದ ಎರಡು ವರ್ಷ ನನ್ನ ತಲಿ ಕೆಟ್ಟು ಮಸರ ಆತು.

ಯಾಕಂದ್ರ ಪಿಂಗಾಣಿ ಮ್ಯಾಲೆ ಬ್ರಾಕೆಟ್ ಸುಮ್ಮನ ಕುಂದರಂಗಿಲ್ಲ. ನಮ್ಮ ಸ್ವಂತ ಹಲ್ಲಿಗೆ ಸೌಮ್ಯ ಆಸಿಡ್ ಅರ್ಧ ನಿಮಿಷ ಹಚ್ಚಿದ್ರ ಸಾಕು, ಸಣ್ಣ ಸಣ್ಣ ತೂತು ಬಿದ್ದು ಅಂಟು ಒಳಗ ಇಳಿದು ಹಿಡಕೊಂತೈತಿ. ಪಿಂಗಾಣಿ ಅಂದ್ರ ನುಣ್ಣನ ಗಾಜು. ಅದರ ಮೆರುಗು ಕೆಡಿಸಿ, ಗಾಜನ್ನೂ ತಿನ್ನೂವಂಥ ಬ್ಯಾರೆ ಆಸಿಡ್ ಹಚ್ಚಬೇಕು. ಅದು ಒಸಡಿಗೆ ತಾಗಿದ್ರ ಸುಟ್ಟು ಹೋಗತೈತಿ, ಅದಕ್ಕ ಸುತ್ತ ರಬ್ಬರ್ ಹಾಳಿ ಕಟ್ಟಬೇಕು. ತೊಳದು, ಒಣಗಿಸಿ, ಸಿಲೇನ್ ಅನ್ನೂ ನೀರಿನಂಥ ಔಷಧ ಹಚ್ಚಿ, ಆಮ್ಯಾಲ ಅಂಟು, ಆಮ್ಯಾಲ ನೀಲಿ ಬೆಳಕು. ಇಷ್ಟೆಲ್ಲಾ ಮಾಡಿದ್ರ ನಿಂದ್ರತೈತಿ. ಒಂದು ತಪ್ಪಿಸಿದ್ರ ಉದುರತೈತಿ. ಇದು ನನಗ ಗೊತ್ತಿಲ್ಲೇನು? ಇದನ್ನ ಓದಾಕ ಮೂರು ವರ್ಷ ಹೆಚ್ಚಿಗಿ ಸಾಲಿ ಕಲ್ತೀನಿ ನಾ.

"ಮೆರುಗು ಕೆಡಸ್ತಿಯೇನ? ನನ್ನ ಹಲ್ಲಿಂದು?" ಅಂದ ಅಪ್ಪ ಮೊದಲನೇ ದಿನ. ಆಸಿಡ್ ಸಿರಿಂಜು ಕೈಯಾಗ ಹಿಡಿದದ್ದು ಅವಗ ಕಾಣ್ಲಿಲ್ಲ, ವಾಸನಿಲೆ ಗೊತ್ತು ಹಚ್ಚಿದ. "ಆ ಮೆರುಗು ತರಾಕ ಭಟ್ಟಿ ಮುಂದ ಉಸರ ಹಿಡಕೊಂಡ ನಿಂತಿದ್ದೆ ನಾ. ಆಸಿಡ್ ಹಚ್ಚಬ್ಯಾಡ."

"ಹಚ್ಚಲಿಲ್ಲಂದ್ರ ಬೀಳತೈತಿ ಅಪ್ಪಾ."

"ಕೈ ಶುದ್ಧ ಇದ್ರ ಯಾಕ ಬೀಳತೈತಿ?"

ಪೇಶಂಟಿನ ಮುಂದ ಈ ಮಾತು. ಅಕಿ ಬಾಯಿ ತಗದ ನನ್ನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ಕಣ್ಣು ತಿರುಗಿಸಿದ್ಳು. ನಾ ಹಲ್ಲು ಕಡಕೊಂಡು ಆಸಿಡ್ ಬಿಟ್ಟು ಬರೇ ಸಿಲೇನ್ ಹಚ್ಚಿ ಅಂಟಿಸಿದೆ. ಹನ್ನೊಂದು ದಿನಕ್ಕ ಬಿತ್ತು. ಎರಡನೇ ಸಲ ಅಂಟು ಬದಲಿಸಿದೆ. ಒಂಬತ್ತು ದಿನಕ್ಕ ಬಿತ್ತು. ಅಪ್ಪ ಮಾತ್ರ ಅಂಟು ತಯಾರ ಮಾಡಿದವ್ರನ್ನ, ಬ್ರಾಕೆಟ್ ತಯಾರ ಮಾಡಿದವ್ರನ್ನ, ನನಗ ಕಲಿಸಿದ ಮಾಸ್ತರ ಮಂದಿನ್ನ ಎಲ್ಲಾರನ್ನೂ ಬೈದ. ತನ್ನ ಮೆರುಗಿಗೆ ಒಂದು ಮಾತು ಅನ್ಲಿಲ್ಲ.

ಇದರ ಮ್ಯಾಲೆ ಇನ್ನೊಂದು ಫಜೀತಿ. ಎರಡನೇದು ಬಿದ್ದ ಮರುವಾರ ನಾ ಪೀರನವಾಡಿ ಹತ್ರ ಗಾಡಿ ಸಾಲಿನ್ಯಾಗ ಸಿಕ್ಕು ನಿಂತಿದ್ದೆ. ಬಾಜು ಬಸ್ಸಿನ ಬಾಗಲದಾಗ ಅಕಿ ನಿಂತಿದ್ಳು. ಒಂದು ಕೈಯಾಗ ಟಿಕೆಟ್ ಮಿಶಿನ್, ಇನ್ನೊಂದು ಕೈಲೆ ಕಂಬಿ ಹಿಡಕೊಂಡಾಳ, ಬಾಯಾಗ ಸೀಟಿ. ಮುಂದಿನ ಎರಡು ಹಲ್ಲಿನ ನಡುವ ಸೀಟಿ ಕಚ್ಚಿ ಹಿಡಕೊಂಡು, ಊದಿ, ಅದನ್ನ ಹಂಗ ಕಚ್ಚಿಕೊಂಡ ಮಂದಿ ಜೋಡಿ ಮರಾಠ್ಯಾಗ ಒಂದು, ಕನ್ನಡದಾಗ ಒಂದು ಜಗಳಾ ತಗದಿದ್ಳು. ನಾ ಕಾರಿನ್ಯಾಗ ಕುಂತು ಹಣಿ ಹಣಿ ಬಡಕೊಂಡೆ. ಮುಂದಿನ ಬುಧವಾರ ಮೂರನೇ ಸಲ ಅಂಟಿಸೂ ಮುಂದ ಕೇಳಿದ್ರ, "ಸೀಟಿ ಬಾಯಾಗ ಇಲ್ಲಂದ್ರ ಬಸ್ ಹೆಂಗ ಬಿಡೂದ್ರಿ ಅಕ್ಕಾರ? ಎರಡೂ ಕೈ ಖಾಲಿ ಇರಂಗಿಲ್ಲಲ್ರೀ," ಅಂದ್ಳು. ಕೊರಳಾಗ ದಾರ ಹಾಕ್ಕೊಂಡು, ಊದೂ ಮುಂದ ಅಷ್ಟ ತುಟಿಯಾಗ ಹಿಡಿರಿ, ಕಚ್ಚಬ್ಯಾಡ್ರಿ ಅಂದೆ. ಹೂನ್ರಿ ಅಂದ್ಳು. ಅಕಿ ಎಲ್ಲಾದಕ್ಕೂ ಹೂನ್ರಿ ಅನ್ನಾಕಿ.

ಹಿಂಗಾಗಿ ಮೂರನೇ ಸಲ ಟಿಕೆಟ್ ಕಾಗದದ ಪುಡಿಕಿ ಟ್ರೇದಾಗ ಬಿದ್ದಾಗ ನನ್ನ ತಾಳ್ಮಿ ಹರಕೊಂತು. "ಅಪ್ಪಾ, ನೀ ಹೊರಗ ಹೋಗಿ ಕುಂದ್ರು," ಅಂದೆ. "ಯಾಕ?" ಅಂದ. "ಯಾಕಂದ್ರ ನಾ ಡಾಕ್ಟರ್, ನೀ ಅಲ್ಲ." ಪೇಶಂಟಿನ ಮುಂದ ಹಂಗ ಅನಬಾರದಿತ್ತು. ಅಪ್ಪ ಗ್ವಾಡಿ ಹಿಡಕೊಂಡು ಎದ್ದು, ಹೊರಗಿನ ಬೆಂಚಿಗೆ ಹೋಗಿ ಕುಂತ. ನಾ ರಬ್ಬರ್ ಕಟ್ಟಿದೆ, ಆಸಿಡ್ ಹಚ್ಚಿದೆ, ಗಡಿಯಾರ ನೋಡಿ ತೊಳದೆ. ಹಲ್ಲಿನ ನಡುವ ಮೆರುಗು ಹೋಗಿ ಸುಣ್ಣ ಬಡದಂಗ ಮಬ್ಬ ಆತು. ಅಂಟಿಸಿದೆ. ಅದು ನಿಂತಿತು. ಅಪ್ಪ ನನ್ನ ಜೋಡಿ ಎರಡು ವಾರ ಮಾತಾಡ್ಲಿಲ್ಲ. ಬರೂದು ಮಾತ್ರ ಬಿಡ್ಲಿಲ್ಲ. ಕಾರಿನ್ಯಾಗ ಕುಂತು, ಖಾನಾಪುರ ಮುಟ್ಟೂತನಕ ಕಿಡಕಿ ಕಡೆ ಮಾರಿ ಮಾಡಿ ಇರತಿದ್ದ. ಅವಗ ಹೊರಗಿಂದೇನೂ ಕಾಣಂಗಿಲ್ಲ.

ಮೂರನೇ ವಾರ ತಾನ ಮಾತು ತಗದ. "ಅಂಟಿಸೂದು ಏನ ಮಹಾ. ಕೀಳೂದು ಐತಲ್ಲ, ಅದು ನೋಡು." ಅಲ್ಲಿಂದ ಹೊಸ ಕಾಟ ಚಾಲೂ ಆತು. ಅಂಟು ಗಟ್ಟಿ ಇದ್ದಷ್ಟು ಕೀಳೂ ಮುಂದ ಪಿಂಗಾಣಿ ಚೂರು ಹಾರೂ ಅಂಜಿಕಿ ಹೆಚ್ಚು. ಇದು ಖರೇ, ನಾ ಇಲ್ಲ ಅನ್ನಂಗಿಲ್ಲ. ಆದ್ರ ವಾರಾ ವಾರಾ ಅದನ್ನ ಕೇಳೂದಂದ್ರ? "ತಿರುವಬ್ಯಾಡ, ಹಿಚುಕು." "ಹೂಂ." "ಒಂದ ಕಡೆ ಎತ್ತಬ್ಯಾಡ." "ಹೂಂ ಅಪ್ಪಾ." "ಅಂಟು ಬ್ರಾಕೆಟ್ ಜೋಡಿ ಬರಬಾರ್ದು. ಹಲ್ಲಿನ ಮ್ಯಾಲೆ ಉಳೀಬೇಕು. ಆಮ್ಯಾಲ ತಿಕ್ಕಿ ತಗಿ." ಊಟದ ಮುಂದ, ಮಾತ್ರಿ ಕೊಡೂ ಮುಂದ, ಲಿಂಗಪೂಜಿಗೆ ಕುಂದರೂ ಮುಂದ ಇದ. ಅಕಿಗೂ ಬಿಡ್ಲಿಲ್ಲ. ಬಂದ ಕೂಡ್ಲೆ, "ನನ್ನ ಹಲ್ಲು ಹೆಂಗೈತಿ ತಂಗಿ?" ಅಂತಿದ್ದ. "ಗಟ್ಟಿ ಐತ್ರಿ ಕಾಕಾ," ಅಂತಿದ್ಳು. ಎರಡು ವರ್ಷ ಒಂದ ಸವಾಲು, ಒಂದ ಜವಾಬು.

ಹಲ್ಲು ಛಲೋ ಕೂಡಿದ್ವು. ಸಂದಿ ಮುಚ್ಚಿತು. ಕೀಳೂ ಬುಧವಾರ ಬಂತು.

ಅದಕ್ಕಂತನ ಹೊಸ ಇಕ್ಕಳ ತರಿಸಿದ್ದೆ. ಅಪ್ಪನ್ನ ಹೊರಗ ಕಳಿಸೂ ಧೈರ್ಯ ಇವತ್ತ ಆಗ್ಲಿಲ್ಲ. ಸ್ಟೂಲ್ ಖುರ್ಚಿ ಹತ್ರ ಎಳಕೊಂಡು ಕುಂತ, ಉಸರಾಡೂದು ಸೈತ ನನಗ ಕೇಳಸ್ತಿತ್ತು. ಒಂಬತ್ತು ಬ್ರಾಕೆಟ್ ತಗದೆ. ಕೊನೀಗೆ ಇದನ್ನ ಇಟ್ಟಿದ್ದೆ. ಇಕ್ಕಳದ ಬಾಯಿ ಬ್ರಾಕೆಟ್ಟಿನ ಎರಡೂ ರೆಕ್ಕಿಗೆ ಕೂಡ್ಸಿ, ತಿರುವದ, ಎತ್ತದ, ಮೆಲ್ಲಕ ಹಿಚುಕಿದೆ. ಬ್ರಾಕೆಟ್ ಬಂತು. ಜೋಡಿ ಟಿಕ್ ಅಂತ ಒಂದು ಸಣ್ಣ ಸಪ್ಪಳ.

ಒಸಡಿನ ಹತ್ರ, ರಾಜಗಿರಿ ಕಾಳಿನಷ್ಟ ಚೂರು ಹಾರಿತ್ತು. ಕನ್ನಡಿ ಹಿಡದು ನೋಡಿದೆ. ನೋಡಿ ಇನ್ನೊಮ್ಮೆ ನೋಡಿದೆ. ಪಿಂಗಾಣಿ ಕೆಳಗ ಬೆಳ್ಳಗಿತ್ತು.

ಅಪ್ಪ ತನ್ನ ಜೀವಮಾನದಾಗ ಲೋಹ ಇಲ್ಲದ ಹಲ್ಲು ಮಾಡಿದಾಂವಲ್ಲ. ಅವನ ಕಾಲಕ್ಕ ಒಳಗೊಂದು ಕಪ್ಪು ಲೋಹದ ಚಿಪ್ಪು, ಅದರ ಮ್ಯಾಲೆ ಪಿಂಗಾಣಿ. ಒಳಗ ಲೋಹದ ಬದ್ಲಿ ಜಿರ್ಕೋನಿಯಾ ಅನ್ನೂ ಬೆಳ್ಳನ ಚಿಪ್ಪು ಹಾಕೂದು ಆಮ್ಯಾಲ ಬಂದದ್ದು, ಅದಕ್ಕ ಬೇಕಾದ ಮಿಶಿನ್ ಅಪ್ಪನ ಖೋಲ್ಯಾಗ ಇದ್ದಿದ್ದಿಲ್ಲ. ಎಕ್ಸ್‌ರೇದಾಗ ಎರಡೂ ಬೆಳ್ಳಗ ಕಾಣ್ತಾವ. ಅಪ್ಪ ತಂದು ಅಂದ ಮ್ಯಾಲೆ ಲೋಹನ ಇರಬೇಕಂತ ನಾನೂ ಕಣ್ಣು ಮುಚ್ಚಿ ನಂಬಿದ್ದೆ. ಎರಡು ವರ್ಷ ನಾವು ತಲಿ ಮ್ಯಾಲೆ ಹೊತ್ತು ಮೆರೆಸಿದ ಹಲ್ಲು ಅಪ್ಪ ಮಾಡಿದ್ದ ಅಲ್ಲ. ನಾ ಅಕಿ ಕಣ್ಣಾಗ ನೋಡಿದೆ. ಅಕಿ ಬಾಯಿ ತಗದುಕೊಂಡ, ಬ್ಯಾಡ್ರಿ ಅನ್ನೂ ಹಂಗ ತಲಿ ಅಲ್ಲಾಡಿಸಿದ್ಳು.

"ಬಂತೇನ?" ಅಂದ ಅಪ್ಪ.

"ಬಂತು," ಅಂದೆ.

ಉಳಿದ ಅಂಟು ತಿಕ್ಕಿ ತಗದೆ, ಹಾರಿದ ಜಾಗಾ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿ ಮುಚ್ಚಿದೆ, ರಬ್ಬರ್ ಗಾಲಿಲೆ ತಿಕ್ಕಿ ತಿಕ್ಕಿ ಹೊಳಪು ತಂದೆ. ಸಿಟ್ಟು ಮಾತ್ರ ಹೋಗವಲ್ದಾಗಿತ್ತು. ಬಾಯಿ ತೊಳ್ಕೊಳ್ಳಾಕ ಅಕಿ ಹಿಂದಿನ ನಳದ ಕಡೆ ಹೋದಾಗ ಬೆನ್ನ ಹತ್ತಿ ಹೋಗಿ, "ಏನಿದು?" ಅಂದೆ.

"ಕಾಕಾ ಮಾಡಿದ್ದು ಎಂಟು ವರ್ಷದ ಹಿಂದ ಹೋತ್ರಿ," ಅಂತ ಮೆಲ್ಲಕ ಅಂದ್ಳು. "ಬಾಯಾಗ ಸೀಟಿ ಇತ್ತು, ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ್ರು, ಕಂಬಿಗೆ ಹೋಗಿ ಬಡದೆ. ಹುಬ್ಬಳ್ಳ್ಯಾಗ ತಮ್ಮ ಇರತಾನ, ಅಲ್ಲೆ ಬಿಳಿ ಗೆರಿ ಸೈತ ಹಂಗ ಹೊಂದಿಸಿ ಹೊಸಾದು ಹಾಕ್ಸಿದೆ."

"ನನಗರ ಹೇಳಬಾರದಾಗಿತ್ತೇನ್ರೀ?"

"ಮೊದಲನೇ ದಿನ ಕಾಕಾ ಬೆರಳು ಹಾಕಿ ನೋಡಿ ಎಷ್ಟ ಖುಷಿ ಪಟ್ರು. ಆ ಮಾರಿ ನೋಡಿ ಇಲ್ರೀ ಅನ್ನಾಕ ನಾಲಿಗಿ ಹೊರಳ್ಲಿಲ್ಲ. ಒಮ್ಮೆ ಹೂಂ ಅಂದ ಮ್ಯಾಲೆ ಬಂದಾಗೊಮ್ಮೆ ಕೇಳಾವ್ರು. ಹೆಂಗ ಹಿಂದ ಸರೀಲಿ?"

ಬೈಬೇಕಂತ ಹೋಗಿದ್ದೆ. ಇಂಥಾ ಮರ್ಯಾದಿ ತಗೊಂಡು ಏನ ಮಾಡೂದು, ಒಲಿಗೆ ಹಾಕೂದೇನು ಅಂತ ಮನಸಿನ್ಯಾಗ ಒದರಾಡಿಕೊಂತ ಅಪ್ಪನ ಕೈ ಹಿಡದು ಕಾರಿಗೆ ಕರಕೊಂಡ ಹೋದೆ.

ಕಾರು ಊರು ದಾಟಿತು. ಆಮ್ಯಾಲ, "ಸಪ್ಪಳ ಬಂತು," ಅಂದ.

"ಏನ ಸಪ್ಪಳ?"

"ನನಗ ಹೇಳಬ್ಯಾಡ. ಮೂವತ್ತು ವರ್ಷ ಆ ಸಪ್ಪಳಕ್ಕ ಅಂಜಿಕೊಂಡ ಬದುಕೀನಿ. ಎಲ್ಲಿಂದು ಹಾರಿತು?"

"ಒಸಡಿನ ಕಡೆ. ರಾಜಗಿರಿ ಕಾಳಿನಷ್ಟ. ತುಂಬೀನಿ ಅಪ್ಪಾ, ಯಾರಿಗೂ ತಿಳಿಯಂಗಿಲ್ಲ."

"ಒಳಗಿನ ಲೋಹ ಕಂಡಿತೇನ?"

ಲೋಹ ಕಾಣೂದಂದ್ರ ಹಲ್ಲು ಮಾಡಾವ್ರಿಗೆ ಮಾನ ಹೋದಂಗ. ಅವಗ ಸಮಾಧಾನ ಆಗ್ಲಿ ಅಂತ, "ಇಲ್ಲಪಾ, ಏನೂ ಕಾಣ್ಲಿಲ್ಲ. ನೀ ದಪ್ಪ ಪದರ ಏರಿಸಿದ್ದಿ," ಅಂದೆ. ಛಲೋ ಹೇಳಿದೆ ಅಂತ ನನಗ ನಾನ ಅನ್ಕೊಂಡೆ ಸೈತ.

ಅಪ್ಪ ನನ್ನ ಕಡೆ ಮಾರಿ ತಿರುಗಿಸಿದ. "ಒಸಡಿನ ಕಡೆ ದಪ್ಪ ಏರಿಸಾಕ ಜಾಗಾ ಎಲ್ಲಿರತೈತಿ ಯವ್ವಾ," ಅಂದ. "ಅಲ್ಲೆ ಉಳ್ಳಾಗಡ್ಡಿ ಸಿಪ್ಪಿಯಷ್ಟ ತೆಳ್ಳಗ ಎಳೀಬೇಕು. ಅದು ನಂದ ಇದ್ರ, ಅಷ್ಟು ಹಾರಿತಂದ್ರ ಲೋಹ ಕಾಣಲೇಬೇಕು."

ನಾ ಗೇರ್ ಬದಲಿಸಿದೆ. ಬದಲಿಸೂ ಗರಜು ಇದ್ದಿದ್ದಿಲ್ಲ.

"ಯಾವಾಗಿಂದು ಅದು?"

"ಎಂಟು ವರ್ಷದ್ದು."

ಗೋಣು ಹಾಕಿದ. ಬಲಗೈ ಬೆರಳು ಹೆಬ್ಬೆರಳಿಗೆ ತಿಕ್ಕಿಕೊಂತ ಕುಂತ. "ಯಾರ ಮಾಡ್ಯಾರೋ, ಛಲೋ ಮಾಡ್ಯಾರ. ನನ್ನ ಕೈಗೆ ಗೊತ್ತಾಗ್ಲಿಲ್ಲ ನೋಡು," ಅಂದ.

ನನಗ ಅಳು ಬಂತು. ಅಕಿ ಮ್ಯಾಲೆ, ಅಪ್ಪನ ಮ್ಯಾಲೆ, ಉಪಕಾರ ಮಾಡಾಕ ಹೋಗಿ ಬಾಯಿ ಬಿಟ್ಟ ನನ್ನ ಮ್ಯಾಲೆ ಸಿಟ್ಟೂ ಬಂತು. ಎರಡೂ ನುಂಗಿಕೊಂಡು ಗಾಡಿ ಓಡಿಸಿದೆ.

ಮರುವಾರ ಅಪ್ಪ ಬರಂಗಿಲ್ಲ ಅಂತ ನಾ ಗಟ್ಟಿ ತಿಳಕೊಂಡಿದ್ದೆ. ಆದ್ರ ಬುಧವಾರ ಮುಂಜಾನೆ ಅಂವ ತಯಾರ ಆಗಿ ನಿಂತಿದ್ದ. ಅವತ್ತ ಅಕಿಗೆ ಹಲ್ಲು ಮತ್ತ ಜರಗಬಾರ್ದಂತ ಹಾಕೂ ಪ್ಲೇಟ್ ಕೊಡೂದಿತ್ತು. ಅಕಿ ಬಂದು ಕುಂತ್ಳು. ಅಪ್ಪ ಸ್ಟೂಲಿನ ಮ್ಯಾಲಿಂದ ಮಾರಿ ಅಕಿ ಕಡೆ ತಿರುಗಿಸಿದ. ಏನ ಕೇಳತಾನೋ, ಏನ ಅಂತಾನೋ ಅಂತ ನಾ ಕೈಯಾಗಿನ ಪ್ಲೇಟ್ ಹಿಡಕೊಂಡ ನಿಂತೆ.

"ನನ್ನ ಹಲ್ಲು ಹೆಂಗೈತಿ ತಂಗಿ?" ಅಂದ.

ಅಕಿ ನನ್ನ ಮಾರಿ ನೋಡಿದ್ಳು. ನಾ ಕೆಳಗ ನೋಡಿದೆ.

"ಗಟ್ಟಿ ಐತ್ರಿ ಕಾಕಾ."

"ಗಟ್ಟಿ ಇರಲೇಬೇಕಲ್ಲ," ಅಂದ ಅಪ್ಪ. "ಐದು ಸಲ ಸುಟ್ಟೀನಿ ಅದನ್ನ."

ಹೊಳ್ಳಿ ಬರೂ ಮುಂದ ನನಗ ತಡಕೊಳ್ಳಾಕ ಆಗ್ಲಿಲ್ಲ. "ಗೊತ್ತಿದ್ದೂ ಗೊತ್ತಿದ್ದೂ ಯಾಕ ಕೇಳಿದೆಪಾ?" ಅಂತ ಒದರಿದೆ.

"ನೀ ಅಕಿ ಮುಂದ ಬಾಯಿ ಬಿಡಬ್ಯಾಡ ಮತ್ತ," ಅಂದ ಅಪ್ಪ. "ಎರಡು ವರ್ಷ ನನ್ನ ಸಲುವಾಗಿ ಸುಳ್ಳು ಹೇಳ್ಯಾಳ. ಈಗ ನಾ ಕೇಳೂದು ಬಿಟ್ರ ಅಕಿಗೆ ತಿಳೀತೈತಿ."